ಒಪ್ಪಲಾಗಿದೆ, ಗಮನಿಸಲಾಗಿದೆ

"ಗುರುಗಳೇ, ನೆರೆಯವರು ಬಂದು ತಪ್ಪು ತೋರಿಸಿದಾಗ ಸಿಟ್ಟಾಗದೆ, ಹೇಳಿದ್ದರಲ್ಲಿ ಅಷ್ಟಿಷ್ಟು ಮಾಡಿ ತೋರಿಸುವ ರಾಜ್ಯ ಸುಧಾರಿಸಿದಂತೆಯೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ನದಿಯ ದಡದಲ್ಲಿ ಐದು ರಾಜ್ಯಗಳಿದ್ದವು. ಅರಸರು ಐವರೂ ಕೂಡಿ ಒಂದು ಕಟ್ಟಳೆ ಮಾಡಿಕೊಂಡರು. ಪ್ರತಿ ರಾಜ್ಯದ ಸೆರೆಮನೆಯನ್ನೂ ನಾಲ್ಕು ವರ್ಷಕ್ಕೊಮ್ಮೆ ಉಳಿದ ನಾಲ್ಕು ರಾಜ್ಯಗಳ ದೂತರು ಬಂದು ನೋಡಬೇಕು, ಸಲಹೆ ಕೊಡಬೇಕು. ಒಂದೊಂದು ಸಲಹೆಯ ಕೆಳಗೂ ಆ ರಾಜ್ಯದ ಮಂತ್ರಿ ಒಂದೇ ಪದದ ಉತ್ತರ ಬರೆಯಬೇಕು: 'ಒಪ್ಪಲಾಗಿದೆ' ಅಥವಾ 'ಗಮನಿಸಲಾಗಿದೆ'. 'ಆಗದು' ಎನ್ನುವುದು ನೆರೆಹೊರೆಯವರ ನಡುವೆ ಮರ್ಯಾದೆಯಲ್ಲ ಎಂದು ಆ ಪದವನ್ನು ಕೈಬಿಟ್ಟಿದ್ದರು.

ಅವುಗಳಲ್ಲೊಂದು ರಾಜ್ಯದ ಸೆರೆಯಲ್ಲಿ ಒಬ್ಬ ಅಂಬಿಗನಿದ್ದ. ಅರಮನೆಯ ಕುದುರೆಗಳನ್ನು ಬಿಟ್ಟಿಯಾಗಿ ನದಿ ದಾಟಿಸುವುದಿಲ್ಲ ಎಂದಿದ್ದ. ವಿಚಾರಣೆ ಆಗುವ ತನಕ ಇರಲಿ ಎಂದು ಒಳಗೆ ಹಾಕಿದ್ದರು. ಹಿಡಿದು ತಂದ ದಿನ, ಸಂಜೆಗೆ ಮರಳುತ್ತೇನಲ್ಲ ಎಂದು ಅವನು ದೋಣಿಯ ಹಗ್ಗಕ್ಕೆ ಒಂದೇ ಗಂಟು ಹಾಕಿ ಬಂದಿದ್ದ.

ಮೊದಲ ಸಲ ದೂತರು ಬಂದಾಗ ಅವನು ಕತ್ತಲೆ ಕೋಣೆಯ ಬರಿನೆಲದ ಮೇಲೆ ಕೂತಿದ್ದ.

"ನಿನ್ನ ವಿಚಾರಣೆ ಮಾಡಿದವರು ಯಾರು?" ಎಂದು ಹಿರಿಯ ದೂತ ಕೇಳಿದ.

"ಯಾರೂ ಇಲ್ಲ ಸ್ವಾಮಿ. ಏನು ಎತ್ತ ಎಂದು ಕೇಳಿದವರಲ್ಲಿ ನೀವೇ ಮೊದಲು," ಎಂದ ಅಂಬಿಗ, ತಲೆ ಎತ್ತದೆ.

ಹಿರಿಯ ದೂತನಿಗೆ ನಿಜಕ್ಕೂ ಮನಸ್ಸು ಕರಗಿತು. ಮೂರು ಸಲಹೆ ಬರೆದ. ಚಾಪೆ ಕೊಡಿ. ಗೋಡೆಗೆ ಕಿಟಕಿ ಇಡಿಸಿ. ವಿಚಾರಣೆ ಮಾಡಿ, ಇಲ್ಲವೇ ಬಿಟ್ಟುಬಿಡಿ. ಮಂತ್ರಿ ಕೆಳಗೆ ಬರೆದ: ಒಪ್ಪಲಾಗಿದೆ. ಒಪ್ಪಲಾಗಿದೆ. ಗಮನಿಸಲಾಗಿದೆ.

ದೂತ ಮರುಮಾತಾಡಲಿಲ್ಲ. ಮುಂದಿನ ವರ್ಷ ಅವನ ರಾಜ್ಯದ ಸರದಿ. ನೋಡಲು ಬರುವವನು ಇದೇ ಮಂತ್ರಿ.

ಚಾಪೆ ಬಂತು. ಕಿಟಕಿಯೂ ಬಂತು. ಅದರಿಂದ ನದಿ ಕಾಣುತ್ತಿತ್ತು, ದೋಣಿ ಕಾಣುತ್ತಿರಲಿಲ್ಲ.

ಎರಡನೆಯ ಸಲ ಬಂದ ದೂತರು, "ಮೊದಲಿಗಿಂತ ಮೇಲೇನಪ್ಪಾ?" ಎಂದರು. ಅಂಬಿಗ ಸುಳ್ಳು ಹೇಳುವವನಲ್ಲ. "ಮೇಲು ಸ್ವಾಮಿ," ಎಂದ. ನಾಲ್ವರೂ ಅದನ್ನು ಬರೆದುಕೊಂಡರು. ಹೊರಡುವಾಗ, ವಿಚಾರಣೆಯ ಬಗ್ಗೆ ಒಂದು ಕಾನೂನಾದರೂ ಇರಲಿ, ಅದು ಸೆರೆಯಾಳಿಗೆ ತಿಳಿದಿರಲಿ ಎಂದು ಸಲಹೆ ಕೊಟ್ಟರು. ಒಪ್ಪಲಾಯಿತು.

ಕಾನೂನು ಬಂತು. ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಅಂಬಿಗನ ಕೋಣೆಯಲ್ಲೇ ನೆಡಿಸಿದರು. ಅವನಿಗೆ ಓದು ಬಾರದು ಎಂದು ತಿಳಿದು, ದಿನಾ ಬೆಳಿಗ್ಗೆ ಓದಿ ಹೇಳುವಂತೆ ಕಾವಲುಗಾರನಿಗೆ ಅಪ್ಪಣೆಯಾಯಿತು.

"ಕೇಳಿಸಿಕೋ ಅಂಬಿಗಣ್ಣ," ಎಂದು ಕಾವಲುಗಾರ ಗಂಟಲು ಸರಿಮಾಡಿಕೊಂಡು ಓದಿದ. "ವಿಚಾರಣೆ ಇಲ್ಲದೆ ಯಾರನ್ನೂ ಒಂದು ತಿಂಗಳಿಗಿಂತ ಹೆಚ್ಚು ಸೆರೆಯಲ್ಲಿ ಇಡತಕ್ಕದ್ದಲ್ಲ."

"ಹಾಗಾದರೆ ಬೀಗ ತೆಗಿ ಮಾರಾಯ."

"ನನಗೆ ಓದುವುದಕ್ಕೆ ಮಾತ್ರ ಅಪ್ಪಣೆ."

ಮೂರನೆಯ ಸಲ ದೂತರು ಕಲ್ಲನ್ನು ಮುಟ್ಟಿ ನೋಡಿ, ಅಕ್ಷರ ದುಂಡಾಗಿವೆ ಎಂದರು. ಮೇಲೇನಪ್ಪಾ ಎಂದು ಕೇಳಿದರು. ಮೇಲು ಎಂದ. ಬೀಗ ಕಿರುಗುಟ್ಟುತ್ತದೆ, ಎಣ್ಣೆ ಬಿಡಿಸಿ ಎಂದು ಸಲಹೆ ಕೊಟ್ಟು ಹೋದರು.

ಆಮೇಲೆ ಅಂಬಿಗ ಕಿಟಕಿಯ ಬಳಿ ಕೂತು ಬಹಳ ಯೋಚಿಸಿದ. ತಾನು ಮೇಲು, ಮೇಲು ಎನ್ನುತ್ತಿರುವ ತನಕ ಇವರು ತನ್ನನ್ನು ಮೇಲು ಮಾಡುತ್ತಲೇ ಇರುತ್ತಾರೆ, ಹೊರಗೆ ಬಿಡುವುದಿಲ್ಲ ಎಂದು ಅವನಿಗೆ ಹೊಳೆಯಿತು. ಈ ಸಲ ಬರಲಿ ಎಂದು ಕಾದ.

ನಾಲ್ಕನೆಯ ಸಲ ಅವರು ಮಂತ್ರಿಯೊಡನೆ ಒಳಗೆ ಬಂದು ಬಾಯಿ ತೆರೆಯುವ ಮೊದಲೇ ಎದ್ದು ನಿಂತ.

"ಏನು ಮೇಲು? ಚಾಪೆ ಕೊಟ್ಟಿರಿ, ಕಿಟಕಿ ಕೊಟ್ಟಿರಿ, ಕಲ್ಲು ಕೊಟ್ಟಿರಿ. ಬಾಗಿಲು ಯಾವಾಗ ಕೊಡುತ್ತೀರಿ? ನಿಮಗೆ ನಾಚಿಕೆಯಾಗುವುದಿಲ್ಲವೇ?" ಎಂದು ಮಂತ್ರಿಯ ಮುಖಕ್ಕೇ ಕೂಗಿದ.

ದೂತರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿರಿಯನ ಕಣ್ಣು ಒದ್ದೆಯಾಗಿತ್ತು. "ಹನ್ನೆರಡು ವರ್ಷದ ಹಿಂದೆ ಈ ಮನುಷ್ಯ ತಲೆ ಎತ್ತುತ್ತಿರಲಿಲ್ಲ. ಇವತ್ತು ನೋಡಿ!" ಎಂದ.

ಆ ವರ್ಷದ ವರದಿಯ ಮೊದಲ ಸಾಲು ಹೀಗಿತ್ತು: 'ಇಲ್ಲಿ ಸೆರೆಯಾಳು ಮಂತ್ರಿಯ ಎದುರೇ ನಿರ್ಭಯವಾಗಿ ಮಾತಾಡುತ್ತಾನೆ. ಇದು ಉಳಿದ ರಾಜ್ಯಗಳಿಗೂ ಮಾದರಿ.' ಹೊಗಳಿಕೆಗೆ ಉತ್ತರ ಬರೆಯುವ ಕಟ್ಟಳೆ ಇರಲಿಲ್ಲ. ಆದರೂ ಮಂತ್ರಿ ಅದರ ಕೆಳಗೆ 'ಒಪ್ಪಲಾಗಿದೆ' ಎಂದು ಬರೆದ. ಬಾಗಿಲಿನ ವಿಷಯ ಗಮನಿಸಲಾಯಿತು.

ಎಲ್ಲರೂ ಹೋದ ಮೇಲೆ ಕಾವಲುಗಾರ ಬೀಗ ಹಾಕಿದ. ಎಣ್ಣೆ ಬಿಟ್ಟಿದ್ದರಿಂದ ಸದ್ದಾಗಲಿಲ್ಲ.

ಗುರುಗಳು ಕಥೆಯನ್ನು ಅಲ್ಲಿಗೇ ಮುಗಿಸಿದರು. ಶಿಷ್ಯ, "ಕೊನೆಗೆ ಅಂಬಿಗನನ್ನು ಬಿಟ್ಟರೇ, ಗುರುಗಳೇ?" ಎಂದ.

"ನೀನು ಮೊದಲು ಕೇಳಿದ್ದು ರಾಜ್ಯ ಸುಧಾರಿಸಿತೇ ಎಂದು; ಅಂಬಿಗನ ವಿಷಯ ಈಗ ಕೇಳುತ್ತಿದ್ದೀಯೆ," ಎಂದರು ಗುರುಗಳು.