ಪದರಗಳ ನಡುವಿನ ಬಿರುಕು

ಶಿಷ್ಯ ಕೇಳಿದ: “ಗುರುಗಳೇ, ಕೊಟ್ಟವರನ್ನು ನೆನೆಯಬೇಕು ಎನ್ನುತ್ತೀರಿ. ನನ್ನ ಅಕ್ಕ ನನಗೆ ಏನನ್ನೂ ಕೊಟ್ಟವಳಲ್ಲ. ಹೋಗಬೇಡ, ಮಾಡಬೇಡ ಎಂದು ತಡೆದದ್ದೇ ಹೆಚ್ಚು. ಅವಳನ್ನೂ ನೆನೆಯಬೇಕೆ?”

ಗುರುಗಳು ಹೇಳಿದರು:

ಕಡಲತಡಿಯಲ್ಲಿ ಒಬ್ಬ ಮೀನುಗಾರನಿದ್ದ. ಅವನದು ಫೈಬರ್ ದೋಣಿ. ಗಾಜಿನ ನಾರಿನ ಬಟ್ಟೆಗೆ ಅಂಟು ಹಚ್ಚಿ, ಪದರದ ಮೇಲೆ ಪದರ ಕೂಡಿಸಿ ಮಾಡಿದ್ದು. ಒಂದು ದಿನ ಅದರ ಮೂತಿ ಬಂಡೆಗೆ ಬಡಿಯಿತು. ಹೊರಗೆ ಗೀರು ಕೂಡ ಬೀಳಲಿಲ್ಲ.

ಆ ಊರಿನಲ್ಲಿ ಒಬ್ಬ ಎಂಜಿನಿಯರ್ ಇದ್ದಳು. ಪದರಗಳ ನಡುವೆ ಬಿರುಕು ಹೇಗೆ ಬೆಳೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು ಅವಳ ಕೆಲಸ. ದೋಣಿ ಬಂಡೆಗೆ ಬಡಿದ ಸುದ್ದಿ ಕಿವಿಗೆ ಬಿದ್ದು, ಅಂಥದೇ ದೋಣಿಯನ್ನು ಕಂಪ್ಯೂಟರಿನಲ್ಲಿ ಕಟ್ಟಿದಳು. ಅದೇ ಪೆಟ್ಟು ಕೊಟ್ಟು ಅಲೆಗಳಿಗೆ ಬಿಟ್ಟಳು. ದೋಣಿಗೆ ಏನೂ ಆಗಲಿಲ್ಲ.

ಅವಳಿಗೆ ಸಮಾಧಾನವಾಗಲಿಲ್ಲ. ಪದರಗಳು ಎಂದೂ ಬಿಡದಂತೆ ಅಂಟಿವೆ ಎಂದು ಲೆಕ್ಕದಲ್ಲಿ ತಾನೇ ಊಹಿಸಿಕೊಂಡಿದ್ದಳು. ದಾರಿಯೇ ಇಲ್ಲದ ಕಡೆ ಬಿರುಕು ಬೆಳೆಯುವುದೆಲ್ಲಿ? ಆ ದೋಣಿ ಕಟ್ಟಿದ ಶೆಡ್ಡಿಗೆ ಹೋಗಿ ನೋಡಿದಳು. ಅಲ್ಲಿ ಒಂದು ಪದರ ಪೂರ್ತಿ ಗಟ್ಟಿಯಾದ ಮೇಲೆ, ಮರುದಿನ, ಇನ್ನೊಂದನ್ನು ಹಚ್ಚುತ್ತಿದ್ದರು. ಅಂಥ ಅಂಟು ಸರಿಯಾಗಿ ಹಿಡಿಯದು. ಅಂಟಿಗೆ ಅದಕ್ಕಿದ್ದಷ್ಟೇ ಬಲ ಕೊಟ್ಟು ಮತ್ತೆ ಲೆಕ್ಕ ಹಾಕಿದಳು. ಈ ಸಲ ಅಲೆ ಅಲೆಗೂ ಬಿರುಕು ಒಳಗೊಳಗೇ ಹರಡಿತು. ಕೊನೆಗೆ ಕಂಪ್ಯೂಟರಿನ ದೋಣಿಯ ಮೂತಿ ನಡುಗಡಲಲ್ಲಿ ಬಾಯಿಬಿಟ್ಟಿತು.

ಅವಳು ದಡಕ್ಕೆ ಓಡಿ ದೋಣಿಗೆ ಅಡ್ಡ ನಿಂತಳು. “ಹೋಗಬೇಡಿ. ಒಳಗೆ ಪದರ ಬಿಟ್ಟಿದೆ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡಿದೆ.”

“ಅಮ್ಮಾ, ನಿಮ್ಮ ಪೆಟ್ಟಿಗೆಯೊಳಗೆ ಉಪ್ಪುನೀರು ಇದೆಯೇ?” ಎಂದು ಮೀನುಗಾರ ನಕ್ಕ.

ಅವಳು ಕದಲಲಿಲ್ಲ. ದೋಣಿಯಲ್ಲಿ ಅವನ ಇಬ್ಬರು ಮಕ್ಕಳು ಕೂತಿದ್ದರು. ಮೀನುಗಾರ ಅವರನ್ನು ನೋಡಿ, ಬೈದುಕೊಳ್ಳುತ್ತಲೇ ಅವರನ್ನಿಳಿಸಿ, ಗರಗಸ ತಂದು ಮೂತಿಯನ್ನು ಕೊಯ್ದ. ಪದರಗಳ ನಡುವೆ ತೂರಿಸಿದ ಚೂರಿ ಹಿಡಿಕೆಯವರೆಗೂ ಇಳಿಯಿತು.

ದೋಣಿ ದುರಸ್ತಿಯಾಗಿ ಕಡಲಿಗೆ ಹೋಗಿ ಬಂದ ದಿನ, ಅವನು ಬುಟ್ಟಿ ತುಂಬ ಮೀನು ಹೊತ್ತು ಅವಳ ಬಾಗಿಲಿಗೆ ಬಂದ.

“ನಾನು ಮೀನು ತಿನ್ನುವುದಿಲ್ಲವಲ್ಲ,” ಎಂದಳು ಅವಳು.

“ಹಾಗಾದರೆ ನಿಮ್ಮ ಪೆಟ್ಟಿಗೆಗೆ ಬಡಿಸಿ,” ಎಂದು ಬುಟ್ಟಿಯನ್ನು ಅಲ್ಲೇ ಇಟ್ಟು ಕೈಮುಗಿದ.

ಶಿಷ್ಯ ಹೇಳಿದ: “ಅವನೇನೋ ಬಿರುಕನ್ನು ಕಣ್ಣಾರೆ ಕಂಡ. ನಾನು ಯಾವ ಬಿರುಕನ್ನೂ ಕಂಡಿಲ್ಲವಲ್ಲ?”

ಗುರುಗಳು ಅಂದರು: “ಕಾಣುವಷ್ಟು ಬೆಳೆಯಲು ನಿನ್ನ ಅಕ್ಕ ಬಿಡಲಿಲ್ಲ.”