ಬೆನ್ನ ಮೇಲೆ ತೇಲುವ ಹುಳ, ಆಕಾಶ ನೋಡುವ ಗಾಳ

ಕಾವೇರಿಯ ದಂಡೆಯಲ್ಲಿ ನಮ್ಮದು ಹಳೆಯ ಮನೆತನ. ಬರೆದಿಟ್ಟಿರುವುದು ಒಂಬತ್ತು ತಲೆಮಾರು. ಅದಕ್ಕೂ ಹಿಂದಿನವರ ಹೆಸರುಗಳು ಬಾಯಿಮಾತಿನಲ್ಲಿವೆ. ನಮ್ಮವರಲ್ಲಿ ಇಬ್ಬರು ಸುಬೇದಾರರಾಗಿದ್ದರು, ಒಬ್ಬರು ಮುಖ್ಯೋಪಾಧ್ಯಾಯಿನಿ. ಊರಿನ ವ್ಯಾಜ್ಯಗಳು ನಮ್ಮ ಜಗಲಿಯಲ್ಲೇ ತೀರ್ಮಾನವಾಗುತ್ತಿದ್ದವು. ನಾನು ಕಾನ್ವೆಂಟಿನಿಂದ ರಜೆಗೆ ಬಂದಾಗ ಅಜ್ಜಿ ಈ ಕಥೆ ಹೇಳಿದರು. ಇದರಲ್ಲಿ ನಮಗೆ ಹೆಮ್ಮೆ ತರುವಂಥದ್ದು ಏನೂ ಇಲ್ಲ. ಆದರೂ ಒಂದು ಮಾತೂ ಬಿಡದೆ ಹೇಳುತ್ತೇನೆ. ನಡುವೆ ಎದ್ದು ಹೋಗಬಾರದು.

ಲೋಕ ಇನ್ನೂ ಹಸಿಯಾಗಿದ್ದ ಕಾಲ ಅದು. ಬೆಟ್ಟಗಳಿಗೆ ಇನ್ನೂ ಹುಲ್ಲು ಬಂದಿರಲಿಲ್ಲ. ನದಿಗೆ ತನ್ನ ದಾರಿ ಸರಿಯಾಗಿ ಗೊತ್ತಿರಲಿಲ್ಲ.

ಆಗ ನೀರಿನಡಿ ಕಲ್ಲುಗಳ ಸಂದಿನಲ್ಲಿ ದಿನದ ಹುಳ ಎಂಬ ಸಣ್ಣ ಹುಳಗಳು ಬೆಳೆಯುತ್ತಿದ್ದವು. ಮೀನಿನ ಮರಿಗಳೂ ಅಲ್ಲೇ ಬೆಳೆಯುತ್ತಿದ್ದವು. ಹುಳ ಮತ್ತು ಮೀನು ಒಟ್ಟಿಗೆ ಆಡಿ ದೊಡ್ಡವಾಗುತ್ತಿದ್ದವು. ಮೀನು ಪಾಚಿ ತಿನ್ನುತ್ತಿತ್ತು, ಹುಳವನ್ನು ತಿನ್ನುತ್ತಿರಲಿಲ್ಲ.

ಒಂದು ದಿನ ಹುಳಕ್ಕೆ ರೆಕ್ಕೆ ಬರುತ್ತಿತ್ತು. ಆ ಒಂದೇ ದಿನ ಅದರ ಹಾರಾಟ. ಹಾರುವ ಹುಳಕ್ಕೆ ಬಾಯಿಲ್ಲ; ರೆಕ್ಕೆ ಬಡಿಯುವುದೇ ಅದರ ಮಾತು. ಸಂಜೆಗೆ ಮೊಟ್ಟೆಯಿಟ್ಟು, ಸೋತು, ಬೆನ್ನ ಮೇಲೆ ನೀರಿಗೆ ಬೀಳುತ್ತಿತ್ತು. ರೆಕ್ಕೆ ಒದ್ದೆಯಾದರೆ ಮಾತು ನಿಂತಂತೆ.

ಆಗ ಅದರ ಜೊತೆ ಬೆಳೆದ ಮೀನು ಕೆಳಗಿನಿಂದ ಮೇಲೆ ಬಂದು, ತುಟಿಯಿಂದ ಅದನ್ನು ಮೆಲ್ಲಗೆ ಮುಟ್ಟಿ, "ಹೋಗಿ ಬಾ" ಎನ್ನುತ್ತಿತ್ತು. ನೀರಿನ ಮೇಲೆ ಸಣ್ಣದೊಂದು ಉಂಗುರ ಏಳುತ್ತಿತ್ತು. ಅಷ್ಟೇ. ಆ ನೀರಿನಲ್ಲಿ ಸಾವಿನ ಪದ್ಧತಿ ಹಾಗಿತ್ತು.

ದಂಡೆಯ ಮೇಲೆ ಚೀಯವ್ವ ಎಂಬ ಹೆಂಗಸು ಇದ್ದಳು. ಅವಳಿಗೆ ಮೂರು ಮಕ್ಕಳು. ಗೆಡ್ಡೆ ಮುಗಿದಿತ್ತು, ಕಾಯಿ ಇನ್ನೂ ಬಂದಿರಲಿಲ್ಲ. ಚಿಕ್ಕ ಮಗು ಅಳುವುದನ್ನೂ ನಿಲ್ಲಿಸಿತ್ತು.

ಚೀಯವ್ವ ಬಿದಿರಿನ ಮುಳ್ಳು ಕಿತ್ತು, ನಾರು ಕಟ್ಟಿ ನೀರಿಗೆ ಬಿಟ್ಟಳು. ಆಗಿನ ಮುಳ್ಳುಗಳೆಲ್ಲ ನೇರ. ಬಿಳಿಮೀನೊಂದು ಅದನ್ನು ಬಾಯಲ್ಲಿ ತಿರುಗಿಸಿ ನೋಡಿ ಉಗುಳಿತು.

"ಸೂಜಿ ತಂದಿದ್ದೀಯಾ, ಚೀಯಕ್ಕ? ಯಾರ ಬಟ್ಟೆ ಹೊಲಿಯೋಕೆ? ನಮಗೆ ಹುಟ್ಟುವಾಗ್ಲೇ ಹೊಲಿದು ಕೊಟ್ಟಿದ್ದಾರೆ."

ಉಳಿದ ಮೀನುಗಳು ನಕ್ಕವು. ಚೀಯವ್ವ ನಗಲಿಲ್ಲ.

ಮೂರು ಸಂಜೆ ಅವಳು ದಂಡೆಯಲ್ಲಿ ಕುಳಿತು ನೀರು ನೋಡಿದಳು. ಸಣ್ಣ ಉಂಗುರಗಳನ್ನು ನೋಡಿದಳು. ಅಲ್ಲಿ ಏನು ನಡೆಯುತ್ತದೆ ಎಂದು ಗಾಳಿಯನ್ನು ಕೇಳಿದಳು. ಗಾಳಿಗೆ ಗುಟ್ಟು ಇಟ್ಟುಕೊಂಡು ಗೊತ್ತಿಲ್ಲ, ಎಲ್ಲವನ್ನೂ ಹೇಳಿಬಿಟ್ಟಿತು.

ನಾಲ್ಕನೆಯ ದಿನ ಅವಳು ಮುಳ್ಳನ್ನು ಬೆಂಕಿಗೆ ಹಿಡಿದು ಬಾಗಿಸಿದಳು.

"ನೋವಾಗ್ತದೆ," ಎಂದಿತು ಮುಳ್ಳು.

"ನನಗೂ ಆಗ್ತಿದೆ," ಎಂದಳು ಚೀಯವ್ವ.

ಸಂಜೆ ಅವಳು ನೀರಿಗಿಳಿಯುತ್ತಿದ್ದ ಒಂದು ಹುಳವನ್ನು ಅಂಗೈಯಲ್ಲಿ ಹಿಡಿದಳು. ಅದರ ಹೆಸರು ಮಿಣಕಿ.

"ಬಿಡಕ್ಕ, ನನಗೆ ಹೊತ್ತಾಯ್ತು," ಎಂದು ಮಿಣಕಿ ರೆಕ್ಕೆ ಬಡಿಯಿತು. "ಬಿಳಿಯಕ್ಕ ಕಾಯ್ತಿರ್ತಾಳೆ."

"ಬಿಡ್ತೀನಿ. ನೀರಿಗೇ ಬಿಡ್ತೀನಿ."

ತಲೆಯಿಂದ ಒಂದು ಕೂದಲು ಕಿತ್ತು, ಮಿಣಕಿಯ ಹೊಟ್ಟೆಗೆ ಮುಳ್ಳನ್ನು ಕಟ್ಟಿದಳು. ಮೊನೆ ಆಕಾಶದ ಕಡೆಗೆ ಬರುವಂತೆ, ಕೆಳಗಿನಿಂದ ಬೆನ್ನು ಮತ್ತು ರೆಕ್ಕೆ ಮಾತ್ರ ಕಾಣುವಂತೆ ಕಟ್ಟಿದಳು. ಅಂಗಾತ ನೀರಿನ ಮೇಲೆ ಮಲಗಿಸಿದಳು.

ಆಗ ಮಿಣಕಿಗೆ ಅರ್ಥವಾಯಿತು. ಬರಬೇಡ ಎಂದು ಹೇಳಲು ರೆಕ್ಕೆ ಎತ್ತಿತು. ರೆಕ್ಕೆ ನೀರಿಗೆ ಅಂಟಿಕೊಂಡಿತ್ತು. ಮತ್ತೆ ಎತ್ತಿತು. ಮಾತು ಬರಲಿಲ್ಲ.

ಕೆಳಗಿನಿಂದ ಬಿಳಿಮೀನು ಬಂತು. ಸೂಜಿ ಎಂದು ಹಾಸ್ಯ ಮಾಡಿದ್ದು ಅದೇ ಮೀನು. ಈಗ ಅದು ಹಾಸ್ಯ ಮಾಡಲಿಲ್ಲ. "ಬಂದೆ, ಮಿಣಕಿ," ಎಂದು ತುಟಿ ಚಾಚಿತು.

ಅಂದು ಉಂಗುರ ಏಳಲಿಲ್ಲ. ನೀರೆಲ್ಲ ಕಲಕಿಹೋಯಿತು.

ಮಕ್ಕಳು ಉಂಡರು. ಚಿಕ್ಕದು ಮತ್ತೆ ಅಳುವಷ್ಟು ಚೇತರಿಸಿಕೊಂಡಿತು. ಚೀಯವ್ವ ಪಾತ್ರೆ ತೊಳೆಯಲು ಬಂದಾಗ ನದಿ ಮಾತಾಡಿತು.

"ಹಸಿವಿಗೆ ನಾನು ಬಯ್ಯೋದಿಲ್ಲ, ಚೀಯವ್ವ. ಕೇಳಿದ್ರೆ ನಾನೇ ಏನಾದ್ರೂ ದಂಡೆಗೆ ತಂದು ಹಾಕ್ತಿದ್ದೆ. ಹೋಗಿ ಬಾ ಅನ್ನೋಕೆ ಬಂದವಳನ್ನ ಹಿಡಿದೆಯಲ್ಲ. ಕ್ಷಮೆ ಕೇಳು."

"ಮಕ್ಕಳ ಹೊಟ್ಟೆ ತುಂಬಿಸಿದ್ದಕ್ಕೆ ಕ್ಷಮೆಯೇ? ಕೇಳೋದಿಲ್ಲ," ಎಂದಳು ಚೀಯವ್ವ. ಪಾತ್ರೆ ಎತ್ತಿಕೊಂಡು ಹೋದಳು.

ನದಿ ಮತ್ತೆ ಅವಳೊಡನೆ ಮಾತಾಡಲಿಲ್ಲ. ಯಾರೊಡನೆಯೂ ಮಾತಾಡಲಿಲ್ಲ.

ಹುಳಗಳೇ ತಮಗೆ ಮೋಸ ಮಾಡಿದವು ಎಂದು ಮೀನುಗಳು ಅಂದುಕೊಂಡವು. ಅಲ್ಲ ಎನ್ನಲು ಹುಳಗಳಿಗೆ ಬಾಯಿರಲಿಲ್ಲ. ಅಂದಿನಿಂದ ಮೀನುಗಳು ಬಿದ್ದ ಹುಳವನ್ನು ಮುಟ್ಟುವುದಿಲ್ಲ, ನುಂಗುತ್ತವೆ. ಬಿದಿರುಮೆಳೆಯ ಉಳಿದ ಮುಳ್ಳುಗಳು ಇದನ್ನೆಲ್ಲ ನೋಡಿದವು. ಅವಮಾನದಿಂದ ಒಂದು ತಲೆ ತಗ್ಗಿಸಿತು. ಒಂದು ಮುಖವನ್ನು ಪಕ್ಕಕ್ಕೆ ತಿರುಗಿಸಿತು. ಒಂದು ಇನ್ನಾರಿಗೂ ಚುಚ್ಚಬಾರದೆಂದು ಮೊನೆಯನ್ನು ತನ್ನೊಳಗೇ ಸುತ್ತಿಕೊಂಡಿತು. ಚೀಯವ್ವನ ಮಕ್ಕಳು ಅವನ್ನೂ ಕಿತ್ತುಕೊಂಡರು. ಆಮೇಲೆ ಕಬ್ಬಿಣ ಬಂತು. ಅದನ್ನೂ ಅದೇ ಆಕಾರಗಳಿಗೆ ಬಡಿದರು.

ಆ ಚೀಯವ್ವ ನಮ್ಮ ಮನೆತನದ ಮೊದಲ ಹೆಂಗಸು. ನಾವೆಲ್ಲ ಆ ಚಿಕ್ಕ ಮಗುವಿನ ವಂಶ. ಆ ಮೀನಿಲ್ಲದಿದ್ದರೆ ನಾವಿಲ್ಲ.

ಆದ್ದರಿಂದಲೇ ಇಂದಿಗೂ ಗಾಳಗಳು ಅಷ್ಟೊಂದು ವಿಚಿತ್ರ ಆಕಾರಗಳಲ್ಲಿ ಬಾಗಿವೆ. ಮೀನನ್ನು ಸೆಳೆಯಲು ಗರಿ ಮತ್ತು ನೂಲಿನಿಂದ ಗಾಳಕ್ಕೆ ಕಟ್ಟಿದ ಹುಸಿ ಹುಳ ತಲೆಕೆಳಗಾಗಿ, ಮೊನೆಯನ್ನು ಆಕಾಶಕ್ಕೆ ಮಾಡಿ ತೇಲುತ್ತದೆ. ಸಂಜೆ ನೀರಿನ ಮೇಲೆ ನೀವು ನೋಡುವ ಸಣ್ಣ ಉಂಗುರದಲ್ಲಿ ಒಂದು ಹುಳ ಇಲ್ಲವಾಗುತ್ತದೆ.

ಮೀನು ಹಿಡಿಯಬೇಡಿ ಎಂದು ನಾನು ಹೇಳುತ್ತಿಲ್ಲ. ನಾಳೆ ನೀವು ಹೊಳೆಗೆ ಹೋಗುತ್ತೀರಿ. ದಾರ ಬಿಚ್ಚುವ ಮೊದಲು ನೀರಿನ ಕಡೆ ತಿರುಗಿ, ಗೊಣಗದೆ, ಪೂರ್ತಿ ವಾಕ್ಯದಲ್ಲಿ ಕ್ಷಮೆ ಕೇಳಿ.