ತೋಳದ ಪಾಲು

"ಗುರುಗಳೇ, ಕ್ಷಮಿಸುತ್ತೇನೆ ಎಂದು ಹೇಳಿ ಕಳ್ಳನನ್ನು ಕರೆಸಿ, ಅವನು ಬಂದ ಮೇಲೆ ಹಿಡಿದುಕೊಟ್ಟರೆ ತಪ್ಪೇ?"

ಕೇಳಿದವನು ಅಡಿವೆಯ್ಯ. ಮಠದ ಉಗ್ರಾಣ ಅವನ ಕೈಯಲ್ಲಿತ್ತು. ಗದ್ದುಗೆಯ ಮುಂದಿನ ಬೆಳ್ಳಿಯ ದೀಪ ಕಾಣೆಯಾಗಿ ಮಠದ ತುಂಬ ಅದೇ ಗುಸುಗುಸು. ಹಿಂದಿನ ದಿನ ದಾಸೋಹದ ಪಂಕ್ತಿಯಲ್ಲಿ ಅಡಿವೆಯ್ಯ ಎದ್ದು ನಿಂತು, ದೀಪ ಒಯ್ದವರು ತಾವಾಗಿ ಬಂದು ಹೇಳಿದರೆ ಯಾರೂ ಅವರನ್ನು ಏನೂ ಮಾಡುವುದಿಲ್ಲ, ಇದು ಗುರುಗಳ ಪಾದದಾಣೆ ಎಂದು ಹೇಳಿದ್ದ. ಈಗ ತೋಟದ ಆಳೊಬ್ಬ ಬಂದು ಹೊರಜಗಲಿಯಲ್ಲಿ ಕೂತಿದ್ದ. ಅವನನ್ನು ಅಲ್ಲೇ ಕೂರಿಸಿ, ಊರಗೌಡನಿಗೆ ಹೇಳಿ ಕಳಿಸಬೇಕೆಂದು ಅಡಿವೆಯ್ಯ ಒಳಗೆ ಬಂದಿದ್ದ.

ಗುರುಗಳು ಶೇಂಗಾ ಸುಲಿಯುತ್ತಿದ್ದರು.

"ನನ್ನನ್ನು ಒಂದು ಮಾತು ಕೇಳದೆ ನನ್ನ ಪಾದದ ಆಣೆ ಇಟ್ಟುಬಿಟ್ಟೆಯಲ್ಲೋ, ಭಲೇ!" ಎಂದರು. "ಕೂತುಕೋ. ಗೌಡ ಎಲ್ಲಿಗೂ ಓಡಿಹೋಗುವುದಿಲ್ಲ."

ಅಡಿವೆಯ್ಯ ಕೂತ. ಗುರುಗಳು ಶೇಂಗಾದ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಹೇಳತೊಡಗಿದರು.

ಒಬ್ಬ ಕುರಿಗಾರನಿದ್ದ. ಕುರುಚಲು ಕಾಡಿನ ಅಂಚಿನಲ್ಲಿ ಅವನ ಹಟ್ಟಿ. ಗಂಡ ಹೆಂಡತಿ ಇಬ್ಬರೇ, ಜೊತೆಗೆ ಒಂದು ನಾಯಿ, ಒಂದು ಹಿಂಡು ಕುರಿ. ಆಚೀಚೆ ಇನ್ನೂ ಕೆಲವು ಹಟ್ಟಿಗಳಿದ್ದವು. ಎಲ್ಲರಿಗೂ ಅದೇ ಕಾಡು, ಅದೇ ಹಳ್ಳದ ನೀರು.

ಆ ಸೀಮೆಯ ಕುರಿಗಾರರಲ್ಲಿ ಒಂದು ಪದ್ಧತಿ ಇತ್ತು. ರೋಗ ಬಂದೋ, ಈಯುವಾಗಲೋ ಕುರಿ ಸತ್ತರೆ ಅದನ್ನು ಅವರು ತಿನ್ನುತ್ತಿರಲಿಲ್ಲ, ತೊಗಲನ್ನೂ ಬಿಚ್ಚುತ್ತಿರಲಿಲ್ಲ. ಹಳ್ಳದ ಆಚೆ ಒಂದು ಚಪ್ಪಟೆ ಬಂಡೆ. ಸತ್ತ ಕುರಿಯನ್ನು ಅಲ್ಲಿಗೆ ಒಯ್ದು, ಅದರ ಹಣೆಗೆ ದೇವರ ಭಂಡಾರ, ಅಂದರೆ ಅರಿಶಿನದ ಪುಡಿ, ಹಚ್ಚಬೇಕು. "ಇದು ನಿನ್ನದು, ಉಳಿದದ್ದು ನನ್ನದು" ಎಂದು ಕಾಡಿನ ಕಡೆ ಮುಖಮಾಡಿ ಗಟ್ಟಿಯಾಗಿ ಕೂಗಬೇಕು. ಕೂಗಿ, ಹೊರಳಿ ನೋಡದೆ ಬರಬೇಕು. ಹೋಗುವಾಗ ಕೈಯಲ್ಲಿ ಕೋಲು ಇರಬಾರದು. ನಾಯಿಯನ್ನು ಹಟ್ಟಿಯಲ್ಲೇ ಕಟ್ಟಿರಬೇಕು. ಆ ಕೂಗು ಕೇಳಿದರೆ ತೋಳಗಳು ಬಂಡೆಗೆ ಬರುತ್ತಿದ್ದವು, ತಿಂದು ಹೋಗುತ್ತಿದ್ದವು. ಕುರಿಗಾರನ ಅಪ್ಪ ಹೀಗೇ ಮಾಡಿದ್ದ. ಅವನ ಅಪ್ಪನೂ ಹೀಗೇ ಮಾಡಿದ್ದನಂತೆ.

ಹಾಗೆಂದು ತೋಳಗಳು ಹಟ್ಟಿಯ ತಂಟೆಗೇ ಬರುತ್ತಿರಲಿಲ್ಲ ಎಂದಲ್ಲ. ಅಪರೂಪಕ್ಕೆ ಒಂದು ಮರಿ ಹೋಗುತ್ತಿತ್ತು. ಹೋದ ದಿನ ತೋಳದ ವಂಶವನ್ನೆಲ್ಲ ಬಾಯ್ತುಂಬ ಬೈದು ಮಾರನೆಯ ದಿನ ಸುಮ್ಮನಾಗುತ್ತಿದ್ದರು. ಅಷ್ಟರಲ್ಲೇ ಬದುಕು ನಡೆದಿತ್ತು.

ಕುರಿಗಾರನ ಹಿಂಡಿನಲ್ಲಿ ಒಂದು ಟಗರು ಇತ್ತು. ಹುಟ್ಟಿದಾಗಲೇ ತಾಯಿ ಸತ್ತಿತ್ತು. ಅವನೇ ಅದನ್ನು ಕಂಬಳಿಯೊಳಗೆ ಇಟ್ಟುಕೊಂಡು, ಬೇರೆ ಕುರಿಗಳ ಹಾಲು ಕುಡಿಸಿ ಬದುಕಿಸಿದ್ದ. ಅದು ಮುಂದೆ ನಡೆದರೆ ಹಿಂಡು ಹಿಂದೆ ನಡೆಯುತ್ತಿತ್ತು. ಅವನು ಉಣ್ಣಲು ಕೂತರೆ ಬಂದು ರೊಟ್ಟಿಗೆ ಬಾಯಿ ಹಾಕುತ್ತಿತ್ತು. ಅವನೋ ಮುರಿದು ಕೊಡುತ್ತಿದ್ದ. "ನನಗೆ ಒಂದು ದಿನ ಹೀಗೆ ತುತ್ತು ಕೊಟ್ಟಿದ್ದೀಯಾ?" ಎಂದು ಹೆಂಡತಿ ಛೇಡಿಸುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ.

ಒಂದು ಬೆಳಗ್ಗೆ ಎದ್ದು ನೋಡಿದರೆ ಟಗರು ಮುಳ್ಳುಬೇಲಿಯ ಹೊರಗೆ ಸತ್ತು ಬಿದ್ದಿತ್ತು. ಹೊಟ್ಟೆ ಬಗೆದಿತ್ತು. ಕುರಿಗಾರ ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಳೋ ಎಂದು ಅತ್ತ. ಬಿಸಿಲು ಏರಿದರೂ ಹಿಂಡನ್ನು ಮೇಯಲು ಬಿಡಲಿಲ್ಲ.

"ತೋಳವೇ ಅಂತ ಹೇಗೆ ಹೇಳ್ತಿ?" ಎಂದಳು ಹೆಂಡತಿ. "ತೊಡೆಯೆಲ್ಲ ಹರಿದಿದೆ ನೋಡು. ಸಂತೆ ಮಾಳದ ನಾಯಿಗಳೂ ಗುಂಪು ಕಟ್ಟಿಕೊಂಡು ತಿರುಗ್ತಾವೆ."

"ಸುಮ್ಮನಿರು. ಇಷ್ಟು ವರ್ಷ ಹೊತ್ತು ಹೊತ್ತು ಹಾಕಿದೆನಲ್ಲ, ಅದು ಸಾಲಲಿಲ್ಲ ಆ ಹಾಳಾದ್ದಕ್ಕೆ."

ಟಗರನ್ನು ಅವನು ಬಂಡೆಗೆ ಒಯ್ಯಲಿಲ್ಲ. ಹಟ್ಟಿಯ ಪಕ್ಕದಲ್ಲೇ ಗುಂಡಿ ತೋಡಿ ಹೂಳಿದ. ಆಮೇಲೆ ಕಮ್ಮಾರನ ಹತ್ತಿರ ಹೋಗಿ, ಕಾಲಿಟ್ಟರೆ ಕಚ್ಚಿ ಹಿಡಿಯುವಂಥ ಹಲ್ಲಿನ ಬೋನು ಮಾಡಿಸಿಕೊಂಡು ಬಂದ. ಕಬ್ಬಿಣದ ವಾಸನೆ ಹೋಗಲಿ ಎಂದು ಕುರಿಯ ಹಿಕ್ಕೆಯನ್ನು ನೀರಲ್ಲಿ ಕಲಸಿ ಬೋನಿಗೆಲ್ಲ ತಿಕ್ಕಿದ. ಬೇಲಿಯ ಹೊರಗೆ ಮಣ್ಣಿನಲ್ಲಿ ಹೂತು, ಮೇಲೆ ಮಾಂಸದ ತುಂಡು ಇಟ್ಟ.

ಬೆಳಗ್ಗೆ ನೋಡಿದರೆ ತೋಳದ ಹೆಜ್ಜೆ ಇತ್ತು. ಬೋನಿನ ಸುತ್ತ ಒಂದು ಸುತ್ತು ಹಾಕಿ ಹೊರಟುಹೋಗಿತ್ತು. ಜಾಗ ಬದಲಿಸಿದ. ಮತ್ತೆ ಅದೇ ಕತೆ. ಹಳ್ಳದ ದಾರಿಯಲ್ಲಿ ಇಟ್ಟ. ಅಲ್ಲಿಯೂ ಸುತ್ತು ಹಾಕಿ ಹೋಯಿತು. ಅವನ ಸಿಟ್ಟು ಇಳಿಯುವ ಬದಲು ಏರಿತು. ಅಷ್ಟರಲ್ಲಿ ಕೆಮ್ಮುತ್ತಿದ್ದ ಒಂದು ಮುದಿ ಕುರಿ ಸತ್ತಿತು. ಆಗ ಅವನಿಗೆ ಬಂಡೆಯ ನೆನಪಾಯಿತು.

ಇಲ್ಲಿ ಅಡಿವೆಯ್ಯನಿಗೆ ತಡೆಯಲಾಗಲಿಲ್ಲ. "ಮಗನಂತೆ ಸಾಕಿದ್ದನ್ನು ಕೊಂದ ತೋಳವನ್ನು ಹಿಡಿಯುವುದು ತಪ್ಪೇ, ಗುರುಗಳೇ?" ಎಂದ.

"ತಪ್ಪು ಎಂದು ನಾನೆಲ್ಲಿ ಹೇಳಿದೆ?" ಗುರುಗಳು ರೇಗಿದರು. "ಹಿಡಿಯಲಿ. ಬಡಿಗೆ ಹಿಡಿದು ಹಟ್ಟಿ ಕಾಯಲಿ, ಕವಣೆ ಬೀಸಲಿ, ನಾಯಿ ಬಿಡಲಿ. ಆ ಜಗಳ ತೋಳಕ್ಕೂ ಗೊತ್ತಿರುವ ಜಗಳವೇ. ಕತೆ ಮುಗಿಯುವ ಮುಂಚೆ ನ್ಯಾಯ ಹೇಳಬೇಡ, ಕೇಳು."

ಕುರಿಗಾರ ನಾಯಿಯನ್ನು ಕಟ್ಟಿದ. ಕೋಲನ್ನು ಗೋಡೆಗೆ ಆನಿಸಿದ. ಕುರಿಯನ್ನು ಹೆಗಲ ಮೇಲೆ ಹಾಕಿಕೊಂಡು, ಬೋನನ್ನು ಕಂಬಳಿಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹಳ್ಳ ದಾಟಿದ. ಕುರಿಯನ್ನು ಬಂಡೆಯ ಮೇಲೆ ಮಲಗಿಸಿದ. ಬಂಡೆಯ ಬುಡದಲ್ಲಿ ತೋಳಗಳು ಹತ್ತಿ ಬರುವ ಮರಳಿನ ದಾರಿ ಇತ್ತಲ್ಲ, ಅಲ್ಲಿ ಬೋನು ಹೂತ. ಕೈಯಿಂದ ಮರಳು ಸವರಿ ಸಮ ಮಾಡಿದ. ಕುರಿಯ ಹಣೆಗೆ ಭಂಡಾರ ಹಚ್ಚಿದ.

ಅಷ್ಟೂ ಆಯಿತು. ಆಮೇಲೆ ಸ್ವಲ್ಪ ಹೊತ್ತು ಹಾಗೇ ನಿಂತ. ಕೂಗದೆ ಹೋಗಿಬಿಡಲೇ ಎಂದು ಒಮ್ಮೆ ಅನಿಸಿತು. ಕೂಗದಿದ್ದರೆ ಅದು ಅನುಮಾನಪಡುತ್ತದೆ ಎಂದೂ ಅನಿಸಿತು. ಕಾಡಿನ ಕಡೆ ಮುಖಮಾಡಿ ಕೂಗಿದ.

"ಇದು ನಿನ್ನದು, ಉಳಿದದ್ದು ನನ್ನದು."

ಹೊರಳಿ ನೋಡದೆ ಬಂದ. ಅಪ್ಪ ಕಲಿಸಿದ್ದರಲ್ಲಿ ಒಂದನ್ನೂ ಬಿಟ್ಟಿರಲಿಲ್ಲ.

ಬೆಳಗ್ಗೆ ಕೋಲು ಹಿಡಿದು ಹೋದ. ಬೋನಿನಲ್ಲಿ ತೋಳ ಸಿಕ್ಕಿತ್ತು. ಹೆಣ್ಣು ತೋಳ. ಮೂತಿಯ ಕೂದಲು ಬೆಳ್ಳಗಾಗಿತ್ತು. ಮುಂಗಾಲಿನ ಮೂಳೆ ಪುಡಿಯಾಗಿತ್ತು. ಇವನನ್ನು ಕಂಡು ಗುರುಗುಡಲಿಲ್ಲ, ಎಳೆದಾಡಲಿಲ್ಲ. ಬಿದ್ದಲ್ಲಿಂದಲೇ ನೋಡಿತು. ಕುರಿಗಾರ ಕೋಲು ಎತ್ತಿದ. ಆಗ ಅದು ಬಾಯಿ ತೆರೆಯಿತು. ಹಲ್ಲುಗಳು ಸವೆದು ಒಸಡಿಗೆ ಬಂದಿದ್ದವು. ಕೆಲವು ಇರಲೇ ಇಲ್ಲ.

ಈ ಬಾಯಿಗೆ ಟಗರಿನ ಕೊರಳು ದಕ್ಕುವಂತಿರಲಿಲ್ಲ. ಒಂದು ಮರಿಯ ಕೊರಳೂ ದಕ್ಕುವಂತಿರಲಿಲ್ಲ. ಎಷ್ಟು ಕಾಲದಿಂದ ಅದು ಈ ಬಂಡೆಯ ಮೇಲೆ ಇಟ್ಟದ್ದನ್ನಷ್ಟೇ ತಿಂದು ಬದುಕಿತ್ತೋ ಯಾರಿಗೆ ಗೊತ್ತು. ಕುರಿಗಾರ ಕೋಲು ಬಿಸಾಡಿ ಬೋನಿನ ಹಲ್ಲು ಅಗಲಿಸಲು ನೋಡಿದ. ಕಮ್ಮಾರ ಗಟ್ಟಿಯಾಗಿಯೇ ಮಾಡಿದ್ದ. ಅಂತೂ ಬಿಚ್ಚಿದ. ಬಿಚ್ಚಿದರೂ ಅದಕ್ಕೆ ಏಳಲಾಗಲಿಲ್ಲ. ಹಾಗೆ ಬಿಟ್ಟುಬಂದರೆ ಕಾಗೆಗಳು ಜೀವಂತ ಕುಕ್ಕುತ್ತವೆ. ಕೊನೆಗೆ ಕೋಲು ಹುಡುಕಿ ತಂದು, ಕಣ್ಣು ಮುಚ್ಚಿಕೊಂಡು ಹೊಡೆದ.

ಹಟ್ಟಿಗೆ ಬಂದು ಕೈ ತೊಳೆದ. ಮತ್ತೆ ತೊಳೆದ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

"ಬಂಡೆಯ ಹತ್ತಿರ ಬೋನು ಇಟ್ಟಿದ್ದೆಯಾ?" ಎಂದಳು. ಅವನು ಹೂಂ ಎಂದ. "ಮಾತು ಹೇಳಿ ಇಟ್ಟೆಯಾ?"

"ಹೇಳದಿದ್ದರೆ ಅದು ಬರುತ್ತಿರಲಿಲ್ಲ."

ಅವಳು ಬಡಿಯುತ್ತಿದ್ದ ಕೈ ನಿಂತಿತು. "ಅಯ್ಯೋ ದೇವರೇ, ಎಂಥ ಕೆಲಸ ಮಾಡಿಬಿಟ್ಟೆ" ಎಂದಳು. ಆ ದಿನ ಇಬ್ಬರೂ ಉಣ್ಣಲಿಲ್ಲ. ಸಂಜೆ ಅವನು ಬೋನನ್ನು ಹಳ್ಳದ ಮಡುವಿಗೆ ಎಸೆದ. ಹೆಂಡತಿಗೂ ಹೇಳಲಿಲ್ಲ, ತನಗೆ ತಾನೇ ಹೇಳಿಕೊಂಡ: ಇನ್ನು ಮುಂದೆ ಹೀಗೆ ಮಾಡುವುದಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡ.

ಮಳೆ ಹಿಡಿದ ಮೇಲೆ ಕಾಲುರೋಗ ಬಂತು. ಕುರಿಯೊಂದು ಸತ್ತಿತು. ಬಂಡೆಗೆ ಒಯ್ದು, ಭಂಡಾರ ಹಚ್ಚಿ, ಕೂಗಿ ಬಂದ. ಈ ಸಲ ಬೋನಿರಲಿಲ್ಲ. ಮಾರನೆಯ ದಿನ ಹೋಗಿ ನೋಡಿದ. ಕುರಿ ಇಟ್ಟಲ್ಲೇ ಇತ್ತು. ಕಾಗೆಗಳು ಕಣ್ಣು ತಿಂದಿದ್ದವು, ಅಷ್ಟೇ. ಮೂರನೆಯ ದಿನ ನಾರತೊಡಗಿತು.

ಬೇರೆ ಹಟ್ಟಿಗಳವರೂ ತಮ್ಮ ಸತ್ತ ಕುರಿಗಳನ್ನು ತಂದಿಟ್ಟರು. ಅವೂ ಕೊಳೆತವು. ಹಸಿದ ತೋಳಗಳು ಹಟ್ಟಿಗಳಿಗೆ ನುಗ್ಗಿದವು. ಮೊದಲು ಅಪರೂಪಕ್ಕೆ ಒಂದು ಮರಿ ಹೋಗುತ್ತಿದ್ದಲ್ಲಿ ಈಗ ಗಬ್ಬದ ಕುರಿಗಳು ಹೋದವು. ಕುರಿಗಾರನ ಹಟ್ಟಿಗಷ್ಟೇ ಬಂದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಏನೂ ಅರಿಯದವರ ಹಟ್ಟಿಗಳಿಗೂ ಬಂದವು. ಪಕ್ಕದ ಹಟ್ಟಿಯ ಮುದುಕಿ ತನ್ನ ಹಾಲುಕುರಿ ಹೋಯಿತೆಂದು ಇವನ ಮುಂದೆಯೇ ಕೂತು ಅತ್ತಳು. "ನಾವು ಏನು ಕಡಿಮೆ ಮಾಡಿದ್ದೇವಪ್ಪಾ ಅವಕ್ಕೆ? ಭಂಡಾರ ಬಿಟ್ಟೆವಾ, ಮಾತು ಬಿಟ್ಟೆವಾ?" ಎಂದು ಕೇಳಿದಳು. ಹೇಳಲು ಬಾಯಿ ತೆರೆದ, ಹೇಳಲಾಗಲಿಲ್ಲ.

ಕೊನೆಗೆ ಒಂದು ದಿನ ಅವನು ಹಿಂಡಿನಲ್ಲಿ ತುಂಬ ಒಳ್ಳೆಯದೆನಿಸಿದ ಕುರಿಯನ್ನು ಹಿಡಿದು ತಾನೇ ಕೊಯ್ದ. ರೋಗದ್ದಲ್ಲ, ಮುದಿಯದ್ದಲ್ಲ, ಮೈತುಂಬಿದ ಕುರಿ. ಹೆಂಡತಿ ನೋಡಿದಳು, ತಡೆಯಲಿಲ್ಲ. ಭಂಡಾರದ ಚೀಲವನ್ನು ಅವಳೇ ತಂದು ಕೈಗಿಟ್ಟಳು. ನಾಯಿ ಕಟ್ಟಿ, ಕೋಲು ಬಿಟ್ಟು, ಹೊತ್ತು ಇಳಿಯುವ ಮುಂಚೆ ಅವನು ಬಂಡೆಗೆ ಹೋದ. ಕುರಿಯ ಹಣೆಯೆಲ್ಲ ಹಳದಿಯಾಗುವ ಹಾಗೆ ಭಂಡಾರ ಹಚ್ಚಿದ.

ತಲೆ ಎತ್ತಿದರೆ ಎದುರಿನ ದಿಬ್ಬದ ಮೇಲೆ ಒಂದು ಎಳೆಯ ತೋಳ ನಿಂತಿತ್ತು. ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿದ್ದವು. ಅದರ ಕಣ್ಣು ಕುರಿಯ ಮೇಲೆಯೇ ಇತ್ತು. ಒಂದು ಹೆಜ್ಜೆ ಇಳಿಯಿತು. ಇನ್ನೊಂದು ಹೆಜ್ಜೆ ಇಳಿಯಿತು. ಕುರಿಗಾರನಿಗೆ ಕಣ್ಣು ತುಂಬಿ ಬಂತು. ಬಾರಪ್ಪಾ, ಬಾ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಎರಡೂ ಬರಿಗೈಯನ್ನು ಮೇಲೆತ್ತಿ ತೋರಿಸಿ ಕೂಗಿದ.

"ಇದು ನಿನ್ನದು..."

ಆ ಮಾತು ಕಿವಿಗೆ ಬಿದ್ದದ್ದೇ ತಡ, ತೋಳ ಬೆಚ್ಚಿಬಿದ್ದು ಹಿಂದಕ್ಕೆ ಜಿಗಿಯಿತು. ಬಾಲ ಮುದುರಿಕೊಂಡು ಓಡಿತು. "ನಿನ್ನದೇ! ನಿಜವಾಗಿ ನಿನ್ನದೇ! ಈ ಸಲ ಏನೂ ಇಟ್ಟಿಲ್ಲ!" ಎಂದು ಕುರಿಗಾರ ಅಳುತ್ತ ಹಿಂದೆಯೇ ಓಡಿದ. ಅವನು ಕೂಗಿದಷ್ಟೂ ಅದು ದೂರ ಓಡಿತು. ಕೂಗು ನಿಲ್ಲಿಸಿದಾಗ ಕಾಡಿನಲ್ಲಿ ಏನೂ ಕಾಣುತ್ತಿರಲಿಲ್ಲ. ಅವನು ಬಂಡೆಗೆ ವಾಪಸು ಬಂದು ಕುರಿಯ ಪಕ್ಕದಲ್ಲಿ ಕುಸಿದು ಕೂತ.

ಗುರುಗಳು ಮಾತು ನಿಲ್ಲಿಸಿದರು. ಬುಟ್ಟಿಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

"ಹಾಗಾದರೆ ಗದ್ದುಗೆಯ ದೀಪ ಹೋದರೆ ಹೋಗಲಿ ಎನ್ನುತ್ತೀರಾ, ಗುರುಗಳೇ?" ಎಂದ ಅಡಿವೆಯ್ಯ. ದನಿ ಮೊದಲಿನಷ್ಟು ಗಟ್ಟಿ ಇರಲಿಲ್ಲ.

"ದೀಪ ಇನ್ನೊಂದು ಮಾಡಿಸಬಹುದು ಮಾರಾಯಾ, ನಾಳೆ ನಾನು ಯಾರನ್ನಾದರೂ 'ಹೆದರಬೇಡ, ಬಾ' ಎಂದು ಕರೆಯಬೇಕಾದರೆ ಯಾವ ಬಾಯಿಂದ ಕರೆಯಲಿ, ಅದನ್ನು ಹೇಳು."

ಅಡಿವೆಯ್ಯ ಗೌಡನ ಮಾತೆತ್ತದೆ ಎದ್ದು ಹೊರಜಗಲಿಯ ಕಡೆ ನಡೆದ.